ಸಾಂಕ್ರಾಮಿಕದ ವಾರ್ಡಿನಲ್ಲಿ ಆತಂಕ ಮತ್ತು ನಂಬಿಕೆ: ನರ್ಸ್‌ಗಳಿಗೆ ಒಂದು ಮಾರ್ಗದರ್ಶಿ

ಕೊರೋನಾ ಕಾಲದಲ್ಲಿ ನರ್ಸ್‌ಗಳಿಗೆ ಸಿಕ್ಕಷ್ಟು ಉಪದೇಶ ಬೇರೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಧ್ಯಾನ ಮಾಡಿ, ಪಾಸಿಟಿವ್ ಆಗಿರಿ, ದೇವರ ಮೇಲೆ ಭಾರ ಹಾಕಿ. ಹೇಳಿದವರಲ್ಲಿ ಹೆಚ್ಚಿನವರು ಪಿಪಿಇ ಕಿಟ್ ಒಳಗೆ ಆರು ಗಂಟೆ ನೀರು ಕುಡಿಯದೆ, ಬಾತ್‌ರೂಮಿಗೂ ಹೋಗದೆ ನಿಂತವರಲ್ಲ. ಹಾಗಂತ ಪ್ರಾರ್ಥನೆ, ನಂಬಿಕೆ ಎಲ್ಲ ಬರೀ ಮಾತು ಅಂತಲೂ ಅಲ್ಲ. ಎಷ್ಟೋ ಜನ ಮರುದಿನದ ಡ್ಯೂಟಿಗೆ ಎದ್ದು ಹೋಗಿದ್ದು ಅದರ ಬಲದಿಂದಲೇ. ಆದರೆ ಮನೆಯಲ್ಲಿ ಮಾಡುವ ಮುಕ್ಕಾಲು ಗಂಟೆಯ ಪೂಜೆ ವಾರ್ಡಿನಲ್ಲಿ ನಡೆಯುವುದಿಲ್ಲ. ನಡೆಯಲಿಲ್ಲವಲ್ಲ ಅನ್ನುವ ಕೊರಗೇ ಇನ್ನೊಂದು ಆತಂಕವಾಗಿ ಕೂರುತ್ತದೆ. ವಾರ್ಡಿಗೆ ಬೇಕಾಗಿರುವುದು ಡ್ಯೂಟಿಯ ಸಂದಿನಲ್ಲಿ ಹಿಡಿಸುವಷ್ಟು ಚಿಕ್ಕದು.

ಇದನ್ನು ಮುಂದಿನ ಅಲೆ ಬಂದಮೇಲೆ ಹುಡುಕಿಕೊಂಡು ಓದುವುದಕ್ಕಿಂತ ಈಗ ಓದಿಟ್ಟುಕೊಳ್ಳುವುದು ಒಳ್ಳೆಯದು. ಕೇರಳದಲ್ಲಿ ನಿಪಾ ವೈರಸ್ 2018ರ ನಂತರ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರದ ಆಸ್ಪತ್ರೆಗಳಿಗೆ ಅದು ದೂರದ ಊರಿನ ಸುದ್ದಿಯಲ್ಲ.

ಹಂತ 1: ಯಾವ ಭಯ ಬೇಕು, ಯಾವುದು ಬೇಡ ಅಂತ ನೋಡಿಕೊಳ್ಳಿ

ಭಯ ಪಡಬೇಡಿ ಅಂತ ನಾನು ಹೇಳುವುದಿಲ್ಲ. ಭಯಕ್ಕೆ ಕಾರಣ ಇದೆ. 2018ರ ಮೇ 21ರಂದು ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾದಿಂದ ತೀರಿಕೊಂಡರು. ಆರೈಕೆ ಮಾಡಿದ ರೋಗಿಯಿಂದಲೇ ಸೋಂಕು ತಗುಲಿತ್ತು. ಇಬ್ಬರು ಪುಟ್ಟ ಮಕ್ಕಳಿದ್ದರು. ಹಾಗಾಗಿ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿಸುವ ಭಯ ಇರಬೇಕು. ಅದು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಬೇಡದ ಭಯ ಬೇರೆ ಥರ. ಡ್ಯೂಟಿ ಮುಗಿದ ಮೇಲೂ ಗಂಟೆಗೊಮ್ಮೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವುದು. ಬೆಳಿಗ್ಗೆ ಎದ್ದ ಕೂಡಲೇ ಕಾಫಿಪುಡಿ ಡಬ್ಬಿ ಮೂಸಿ ವಾಸನೆ ಬರುತ್ತಾ ಅಂತ ಪರೀಕ್ಷೆ ಮಾಡುವುದು. ಗಂಟಲು ಸ್ವಲ್ಪ ಕೆರೆದರೆ "ಬಂತು" ಅಂತ ಕೂರುವುದು. ಇನ್‌ಚಾರ್ಜ್ ಸಿಸ್ಟರ್ ಹೆಸರು ಫೋನಿನಲ್ಲಿ ಕಂಡರೆ ಎದೆ ಡವಡವ ಅನ್ನುವುದು. ಇಂಥ ಭಯದಿಂದ ನಿಮ್ಮನ್ನು ಕಾಪಾಡುವ ಕೆಲಸ ಏನೂ ಆಗುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ.

ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಿರಿ. ಮೊದಲನೆಯದರಲ್ಲಿ ನಿಮ್ಮ ಕೈಯಲ್ಲಿ ಇರುವಂಥದ್ದು: ಮಾಸ್ಕ್, ಕೈ ತೊಳೆಯುವುದು, ಲಸಿಕೆ, ಊಟ. ಎರಡನೆಯದರಲ್ಲಿ ಇಲ್ಲದ್ದು: ಹೊಸ ತಳಿ, ರೋಗಿಯ ಹಣೆಬರಹ, ಆಕ್ಸಿಜನ್ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು. ದೇವರಿಗೆ ಒಪ್ಪಿಸುವುದಿದ್ದರೆ ಎರಡನೇ ಸಾಲನ್ನು ಒಪ್ಪಿಸಿ. ಮೊದಲನೆಯದು ನಿಮ್ಮದೇ ಕೆಲಸ. "ದೇವರಿದ್ದಾನೆ ಬಿಡಿ" ಅಂತ ಎನ್-95 ಸಡಿಲವಾಗಿ ಹಾಕಿಕೊಳ್ಳುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಹಂತ 2: ನಿಮಗೆ ಆಸರೆ ಯಾವುದು ಅಂತ ಮೊದಲೇ ಗೊತ್ತಿರಲಿ

ರೋಗಿಗಳ ನಂಬಿಕೆ ಏನು ಅಂತ ತಿಳಿಯಲು ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಒಂದು ಸರಳ ಪ್ರಶ್ನಾವಳಿ ಮಾಡಿದ್ದಾರೆ. ಫಿಕಾ ಅಂತ ಅದರ ಹೆಸರು. ಅದನ್ನೇ ನಮಗೆ ನಾವು ಕೇಳಿಕೊಳ್ಳಬಹುದು. ಕಷ್ಟ ಬಂದಾಗ ನನ್ನನ್ನು ಎತ್ತಿ ನಿಲ್ಲಿಸುವುದು ಏನು? ಅದಕ್ಕೆ ನನ್ನ ದಿನದಲ್ಲಿ ಎಷ್ಟು ಜಾಗ ಇದೆ? ಇದರಲ್ಲಿ ನನ್ನ ಜೊತೆ ಯಾರಿದ್ದಾರೆ? ಕೊನೆಯದು, ಡ್ಯೂಟಿ ಇರುವ ದಿನ ಇದನ್ನು ಹೇಗೆ ಉಳಿಸಿಕೊಳ್ಳಲಿ?

ಉತ್ತರ ದೇವರೇ ಆಗಬೇಕು ಅಂತೇನಿಲ್ಲ. ಒಬ್ಬರಿಗೆ ಮನೆದೇವರು. ಒಬ್ಬರಿಗೆ ಜಪಮಣಿ, ಇನ್ನೊಬ್ಬರಿಗೆ ನಮಾಜು. ಇನ್ನೂ ಕೆಲವರಿಗೆ ಮಹಡಿ ಮೇಲಿನ ನಾಲ್ಕು ಗಿಡ, ಬೆಳಗಿನ ನಡಿಗೆ, ಅಮ್ಮನ ಜೊತೆ ಹತ್ತು ನಿಮಿಷದ ಮಾತು. ದೇವರನ್ನು ನಂಬದ ಸಿಸ್ಟರ್‌ಗಳೂ ಇದ್ದಾರೆ. "ಇವರನ್ನು ಬಿಟ್ಟು ಹೋಗಬಾರದು" ಅನ್ನುವುದೇ ಅವರಿಗೆ ಆಸರೆ. ಅದೂ ಅಷ್ಟೇ ಗಟ್ಟಿ.

ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಮಾತ್ರ ಸುಮ್ನೆ ದೊಡ್ಡದಾಗಿ ಬರೆಯಬೇಡಿ. "ದಿನಾ ಒಂದು ಗಂಟೆ ಧ್ಯಾನ" ಎರಡು ದಿನ ನಡೆದೀತು. "ಕಿಟ್ ಹಾಕಿಕೊಳ್ಳುವ ಡಾನಿಂಗ್ ರೂಮಿನ ಬಾಗಿಲಲ್ಲಿ ಒಂದು ಸಲ ನಾಮಸ್ಮರಣೆ" ಅಂತ ಬರೆದರೆ ಅಲೆ ಮುಗಿಯುವವರೆಗೂ ನಡೆಯುತ್ತದೆ.

ಹಂತ 3: ಕೈಗೆ ಕಟ್ಟಿದ ದಾರ, ತಾಯಿತ, ಮಡಿ, ಉಪವಾಸ

ಪುಸ್ತಕದಲ್ಲಿ ಇಲ್ಲದ, ಆದರೆ ಪ್ರತಿ ವಾರ್ಡಿನಲ್ಲೂ ಏಳುವ ಪ್ರಶ್ನೆ ಇದು. ಸೋಂಕು ತಡೆಯ ನಿಯಮದ ಪ್ರಕಾರ ಮೊಣಕೈ ಕೆಳಗೆ ಏನೂ ಇರಬಾರದು. ಉಂಗುರ, ಬಳೆ, ವಾಚು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ, ಎಲ್ಲ ಬಿಚ್ಚಬೇಕು. ಒದ್ದೆಯಾದ ದಾರದಲ್ಲಿ ಕೊಳೆ ನಿಲ್ಲುತ್ತದೆ, ಗ್ಲೌಸ್ ಹರಿಯಬಹುದು. ಕಾರಣ ಅಷ್ಟೇ. ಆದರೆ ಅಜ್ಜಿ ಕಟ್ಟಿದ ದಾರವನ್ನು ಕತ್ತರಿಯಲ್ಲಿ ಕತ್ತರಿಸುವಾಗ ಕೈ ನಡುಗುತ್ತದೆ ಅಲ್ವಾ. "ಇದನ್ನು ತೆಗೆದ ದಿನವೇ ಏನಾದರೂ ಆದರೆ?" ಅನ್ನುವ ಯೋಚನೆ ಇಡೀ ಶಿಫ್ಟ್ ಕಾಡುತ್ತದೆ.

ಕತ್ತರಿಸಬೇಡಿ. ಡ್ಯೂಟಿ ಇಲ್ಲದ ದಿನ, ಸಾಧ್ಯವಾದರೆ ಕಟ್ಟಿದವರ ಕೈಯಿಂದಲೇ ಬಿಚ್ಚಿಸಿ. ಚಿಕ್ಕ ಜಿಪ್ ಕವರಿನಲ್ಲಿ ಹಾಕಿ ಮನೆಯ ದೇವರ ಪಟದ ಹತ್ತಿರ ಇಡಿ. ಲಾಕರಿನಲ್ಲಿ ಇಡುವುದಿದ್ದರೂ ಕವರಿನಲ್ಲೇ ಇರಲಿ. ಕೊರಳಿನ ತಾಯಿತ, ಮಾಂಗಲ್ಯ, ಶಿಲುಬೆ, ಇಷ್ಟಲಿಂಗ ನಿಮ್ಮ ಆಸ್ಪತ್ರೆಯ ನಿಯಮ ಒಪ್ಪಿದರೆ ಪಿಪಿಇ ಒಳಗೆ ಇರಬಹುದು. ಹೊರಗೆ ಜಾರಿ ರೋಗಿಯ ಮೇಲೆ ತೂಗದಂತೆ ಡ್ರೆಸ್ಸಿನ ಒಳಗೆ ಸೇರಿಸಿ, ಅಷ್ಟು ಸಾಕು. ಈ ಮಾತನ್ನು ಇನ್‌ಚಾರ್ಜ್‌ಗಳು "ಏನಮ್ಮಾ ಇದೆಲ್ಲ ಮೂಢನಂಬಿಕೆ" ಅಂತ ಶುರುಮಾಡಿದರೆ ಕೆಟ್ಟಿತು. ನಿಯಮ ಹೇಳಿ, ಕಾರಣ ಹೇಳಿ, ದಾರಕ್ಕೆ ಒಂದು ಜಾಗ ತೋರಿಸಿ.

ಮಡಿ, ಸೂತಕ ಇನ್ನೂ ಸೂಕ್ಷ್ಮ. ದಿನಕ್ಕೆ ಮೂರು ಹೆಣ ಪ್ಯಾಕ್ ಮಾಡಿ ಬಂದವಳು ದೀಪ ಹಚ್ಚಬಹುದಾ ಅಂತ ಕೇಳಿದ ಸಿಸ್ಟರ್‌ಗಳಿದ್ದಾರೆ. ಕಾಯಕದಲ್ಲಿ ನಿರತನಾದವನು ಲಿಂಗಪೂಜೆ ಮರೆತರೂ ತಪ್ಪಿಲ್ಲ ಅಂತ ಶರಣರು ಈ ನಾಡಿನಲ್ಲಿ ಯಾವತ್ತೋ ಹೇಳಿದ್ದಾರೆ. ಅಷ್ಟು ಒಪ್ಪಲಾಗದವರು ಸ್ನಾನ ಮಾಡಿ ದೀಪ ಹಚ್ಚಿ, ಇಲ್ಲವೇ ಮನೆಯ ಹಿರಿಯರೊಬ್ಬರಿಗೆ ಆ ಕೆಲಸ ಒಪ್ಪಿಸಿ. ಸುಮ್ಮನೆ ಪೂಜೆ ನಿಲ್ಲಿಸಿ ಮನಸ್ಸಿನಲ್ಲಿ ಕೊರಗುವುದು ಮಾತ್ರ ಬೇಡ.

2021ರಲ್ಲಿ ಎರಡನೇ ಅಲೆ ಏರಿದ್ದೂ ರಂಜಾನ್ ಬಂದದ್ದೂ ಒಂದೇ ಹೊತ್ತಿಗೆ, ಏಪ್ರಿಲ್ ನಡುವಿಂದ ಮೇ ನಡುವಿನವರೆಗೆ. ಬಿಸಿಲಿನಲ್ಲಿ, ಪಿಪಿಇ ಒಳಗೆ ಬೆವರಿಳಿಸಿಕೊಂಡು ರೋಜಾ ಇಟ್ಟವರಿದ್ದರು. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬಿಟ್ಟ ರೋಜಾವನ್ನು ಮುಂದೆ ಪೂರೈಸಲು ಇಸ್ಲಾಮಿನಲ್ಲಿ ಅವಕಾಶ ಇದೆ. ನಿಮ್ಮ ಪರಿಸ್ಥಿತಿಗೆ ಅದು ಹೊಂದುತ್ತಾ ಅಂತ ನೀವು ನಂಬುವ ಮೌಲಾನಾ ಹತ್ತಿರ ಡ್ಯೂಟಿ ಪಟ್ಟಿ ಬರುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಸೋಮವಾರ, ಶನಿವಾರ, ಏಕಾದಶಿ ಉಪವಾಸ ಮಾಡುವವರಿಗೂ ಇದೇ ಮಾತು. ತಲೆಸುತ್ತಿ ಬೀಳುವ ನರ್ಸ್‌ನಿಂದ ಯಾವ ರೋಗಿಗೂ ಉಪಯೋಗ ಇಲ್ಲ.

ಹಂತ 4: ಕೈ ಉಜ್ಜುವ ಹೊತ್ತೇ ನಿಮ್ಮ ಹೊತ್ತು

ಆಲ್ಕೋಹಾಲ್ ಹ್ಯಾಂಡ್‌ರಬ್ ಹಾಕಿ ಕೈ ಉಜ್ಜಲು 20ರಿಂದ 30 ಸೆಕೆಂಡು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಪು ನೀರಾದರೆ 40ರಿಂದ 60 ಸೆಕೆಂಡು. ಒಂದು ಶಿಫ್ಟಿನಲ್ಲಿ ಇದನ್ನು ಎಷ್ಟು ಸಲ ಮಾಡುತ್ತೇವೆ ಅನ್ನುವುದಕ್ಕೆ ಲೆಕ್ಕ ಇಲ್ಲ. ಯಾರೂ ಕಿತ್ತುಕೊಳ್ಳಲಾಗದ ಬಿಡುವು ಅಂತ ವಾರ್ಡಿನಲ್ಲಿ ಇರುವುದು ಇದೊಂದೇ.

ಹೀಗೆ ಮಾಡಿ. ಅಂಗೈ ಉಜ್ಜುವಾಗ ಮೂಗಿನಿಂದ ನಿಧಾನ ಉಸಿರು ತೆಗೆದುಕೊಳ್ಳಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ. ಬೆರಳ ಸಂದು ಉಜ್ಜುವಾಗ ಆರು ಎಣಿಸುತ್ತಾ ಉಸಿರು ಬಿಡಿ. ಹೆಬ್ಬೆರಳು, ಉಗುರಿನ ತುದಿಗೆ ಬಂದಾಗ ಇನ್ನೊಂದು ಸಲ. ಉಸಿರು ಬಿಡುವಾಗ ನಿಮ್ಮ ನಾಮ ಹೇಳಿಕೊಳ್ಳಿ: ಶಿವ, ರಾಮ, ಯೇಸು, ಅಲ್ಲಾಹ್. ನಾಮ ಬೇಡದವರು "ಈಗ ಈ ಬೆಡ್ ಮಾತ್ರ" ಅಂದುಕೊಳ್ಳಿ. ಉಸಿರು ಬಿಡುವ ಹೊತ್ತು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ಇದು ದೇಹದ ಸಹಜ ಗುಣ.

ಎರಡು ಎಚ್ಚರಿಕೆ. ಮಾಸ್ಕ್ ಹಾಕಿಕೊಂಡು ಉಸಿರು ಬಿಗಿಹಿಡಿಯುವ ಅಭ್ಯಾಸ ಬೇಡ, ತಲೆ ಹಗುರಾಗುತ್ತದೆ. ಕಪಾಲಭಾತಿ, ಭಸ್ತ್ರಿಕೆಯಂಥ ಜೋರು ಉಸಿರಿನವು ಮನೆಗೆ ಇರಲಿ. ನಾಲ್ಕು ಜನ ಮಾಸ್ಕ್ ತೆಗೆದು ಕೂತ ರೆಸ್ಟ್ ರೂಮಿನಲ್ಲಿ ಅದನ್ನು ಮಾಡಿದರೆ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಡಾಫಿಂಗ್ ಹೊತ್ತಿನಲ್ಲಿ ಮಾತ್ರ ಜಪವೂ ಬೇಡ, ಮಾತೂ ಬೇಡ. ಕಿಟ್ ಬಿಚ್ಚುವಾಗಲೇ ಸೋಂಕು ತಗುಲುವ ಅಪಾಯ ಜಾಸ್ತಿ. ಪೂರ್ತಿ ಗಮನ ಕೈ ಮೇಲೆ ಇರಲಿ. ಮಾಸ್ಕ್ ಕೊನೆಗೆ ತೆಗೆದು, ಕೈ ತೊಳೆದು, ಮುಖಕ್ಕೆ ನೀರು ಹಾಕಿಕೊಂಡ ಮೇಲೆ ಒಂದು ನಿಮಿಷ ಗೋಡೆಗೆ ಒರಗಿ ನಿಂತುಕೊಳ್ಳಿ. ಪ್ರಾರ್ಥನೆ ಆಮೇಲೆ ತಾನೇ ಬರುತ್ತದೆ, ಬರದಿದ್ದರೂ ನಡೆಯುತ್ತದೆ.

ಹಂತ 5: ಸಾವಿನ ಹತ್ತಿರ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಕೊರೋನಾ ವಾರ್ಡಿನಲ್ಲಿ ಆತಂಕಕ್ಕೆ ದೊಡ್ಡ ಕಾರಣ ಸೋಂಕು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿದ್ದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಮನೆಯವರು ಹತ್ತಿರ ಇಲ್ಲದೆ ಜನ ಸತ್ತದ್ದು, ಆಗ ಪಕ್ಕದಲ್ಲಿ ನಿಂತವರು ನಾವೊಬ್ಬರೇ ಆಗಿದ್ದದ್ದು. 2021ರ ಜೂನ್‌ನಲ್ಲಿ ವಾರಸುದಾರರು ತೆಗೆದುಕೊಂಡು ಹೋಗದ ಅಸ್ಥಿಗಳನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಡಬೇಕಾಯಿತು. ಅಂಥ ಕಾಲದಲ್ಲಿ ಕೊನೆಯ ಗುಟುಕು ನೀರಿನ ಜವಾಬ್ದಾರಿಯೂ ಸಿಸ್ಟರ್ ಮೇಲೇ ಬಂತು.

ಒಂದು ರಾತ್ರಿ ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯರ ಆಕ್ಸಿಜನ್ ಸ್ಯಾಚುರೇಶನ್ ಇಳಿಯುತ್ತಲೇ ಇತ್ತು. ಮಗಳು ವಿಡಿಯೋ ಕಾಲ್‌ನಲ್ಲಿದ್ದಳು. "ಸಿಸ್ಟರ್, ಅಪ್ಪನ ಕಿವಿಯಲ್ಲಿ ರಾಮ ರಾಮ ಅಂತ ಹೇಳ್ತೀರಾ?" ಅಂದಳು. ಆ ಬೆಡ್ ನೋಡುತ್ತಿದ್ದ ಹುಡುಗಿ ಕ್ರಿಶ್ಚಿಯನ್. ಆಕ್ಸಿಜನ್ ಹರಿಯುವ ಸದ್ದು ಎಷ್ಟಿತ್ತೆಂದರೆ, ಎರಡು ಮಾಸ್ಕ್ ಮತ್ತು ಫೇಸ್‌ಶೀಲ್ಡ್ ಒಳಗಿಂದ ಪಿಸುಗುಟ್ಟಿದರೆ ಕೇಳುವಂತಿರಲಿಲ್ಲ. ಅವಳು ಬಗ್ಗಿ, ಕೂಗಿಯೇ ಹೇಳಿದಳು. ಪಕ್ಕದ ಬೆಡ್ಡಿನವರೂ ಕೈಮುಗಿದರು. ನಿನ್ನ ಧರ್ಮಕ್ಕೆ ಇದು ಸರಿನಾ ಅಂತ ಆಮೇಲೆ ಯಾರೋ ಕೇಳಿದ್ದಕ್ಕೆ, "ಅವರಪ್ಪನಿಗೆ ಬೇಕಾಗಿತ್ತು, ನನ್ನ ಬಾಯಿ ಖಾಲಿ ಇತ್ತು" ಅಂದಳು.

ಇದಕ್ಕೆ ಒಂದಿಷ್ಟು ತಯಾರಿ ಮಾಡಿಟ್ಟುಕೊಳ್ಳಬಹುದು. ಅಡ್ಮಿಷನ್ ಹೊತ್ತಿಗೇ ಮನೆಯವರಿಗೆ ಒಂದು ಪ್ರಶ್ನೆ ಕೇಳಿ ಕೇಸ್‌ಶೀಟಿನಲ್ಲಿ ಬರೆಯಿರಿ: "ಇವರಿಗೆ ಸಮಾಧಾನ ಕೊಡುವ ಪ್ರಾರ್ಥನೆ, ಪದ್ಧತಿ ಏನಾದರೂ ಇದೆಯಾ?" ಉತ್ತರ ಬಂದರೆ ಅದರಂತೆ ಮಾಡಿ. ಬರದಿದ್ದರೆ ನಮ್ಮದನ್ನು ಹೇರುವುದು ಬೇಡ. ರೋಗಿ ಕೇಳದೆ ಅವರ ತಲೆ ಮೇಲೆ ಕೈಯಿಟ್ಟು ನಮ್ಮ ದೇವರನ್ನು ಕರೆಯುವುದು ಸೇವೆಯಲ್ಲ.

ತುಳಸಿ, ಗಂಗಾಜಲ ಕೊಡಿ ಅಂತ ಮನೆಯವರು ಕೇಳುತ್ತಾರೆ. ವೆಂಟಿಲೇಟರ್ ಅಥವಾ ಬೈಪ್ಯಾಪ್ ಅನ್ನುವ ಮಾಸ್ಕಿನ ಉಸಿರಾಟದ ಯಂತ್ರದಲ್ಲಿ ಇರುವವರ ಬಾಯಿಗೆ, ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ತುಳಸಿ ದಳವನ್ನು ದಿಂಬಿನ ಮೇಲೆ ಇಡಿ, ಒದ್ದೆ ಹತ್ತಿಯಿಂದ ಹಣೆ ಒರೆಸಿ. ಮಾಡಿದ್ದನ್ನು ಫೋನಿನಲ್ಲಿ ಹೇಳಿ. ಮುಸ್ಲಿಂ ರೋಗಿಗೆ ಕಲಿಮಾ ಅಥವಾ ಕುರಾನಿನ ಯಾಸೀನ್ ಅಧ್ಯಾಯವನ್ನು ಮನೆಯವರು ಫೋನಿನಲ್ಲೇ ಓದಬಹುದು. ಸಾಧ್ಯವಾದರೆ ಮುಖ ಕಾಬಾದ ಕಡೆ ಇರಲಿ, ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಪಶ್ಚಿಮಕ್ಕೆ. ಕ್ಯಾಥೊಲಿಕ್ ಮನೆಯವರು ಪಾದ್ರಿಯನ್ನು ಕೇಳುತ್ತಾರೆ. ಒಳಗೆ ಬಿಡಲಾಗದಿದ್ದರೆ ಫೋನಿನಲ್ಲಿ ಪ್ರಾರ್ಥನೆ ಮಾಡಿಸಿ. ಲಿಂಗಾಯತ ರೋಗಿಯ ಕೊರಳಿನ ಇಷ್ಟಲಿಂಗ ಎಕ್ಸ್‌ರೇಗೆ ಅಂತ ತೆಗೆದು ಎಲ್ಲೋ ಕಳೆದುಹೋಗುವುದು ಉಂಟು. ತೆಗೆದರೆ ಹೆಸರು ಬರೆದ ಕವರಿನಲ್ಲಿ ಹಾಕಿ, ರಿಜಿಸ್ಟರಿನಲ್ಲಿ ಬರೆದು, ಆದಷ್ಟು ಬೇಗ ಮತ್ತೆ ಅವರ ಹತ್ತಿರ ಇಡಿ. ಕೊನೆಗೆ ಅವರಲ್ಲಿ ಮಣ್ಣು ಮಾಡುವ ಪದ್ಧತಿ ಇದೆ ಅನ್ನುವುದನ್ನು ಹೆಣ ಒಯ್ಯುವವರಿಗೆ ತಿಳಿಸಿ. ಪ್ರಜ್ಞೆ ಇಲ್ಲದಂತೆ ಕಂಡರೂ ಕೇಳಿಸುತ್ತಿರಬಹುದು ಅಂತ ಎಣಿಸಿಯೇ ಎಲ್ಲರ ಹತ್ತಿರವೂ ಮಾತಾಡಿ.

ಜೀವ ಹೋದ ಮೇಲೆ ಮೊದಲ ಕೆಲಸ ಬಾಡಿ ಬ್ಯಾಗ್ ಅಲ್ಲ. ಅಮೆರಿಕದ ವರ್ಜೀನಿಯಾದ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಒಂದು ಪದ್ಧತಿ ಶುರುಮಾಡಿದರು. ರೋಗಿ ಸತ್ತಾಗ ಅಲ್ಲಿದ್ದವರೆಲ್ಲ ಒಂದು ನಿಮಿಷದಷ್ಟು ಹೊತ್ತು ಸುಮ್ಮನೆ ನಿಲ್ಲುವುದು. ಇಂಥದ್ದೇ ಪ್ರಾರ್ಥನೆ ಅಂತಿಲ್ಲ, ಅವರವರಿಗೆ ಬಂದದ್ದು ಅವರವರು. ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ಕನ್ನಡದಲ್ಲಿ ಹೀಗೆ ಹೇಳಿ ನೋಡಿ: "ಇವರು ಯಾರದೋ ಅಪ್ಪ, ಯಾರದೋ ಗಂಡ. ನಮ್ಮಿಂದ ಆದದ್ದನ್ನು ಮಾಡಿದೆವು. ಒಂದು ನಿಮಿಷ ನಿಲ್ಲೋಣ." ಡ್ಯೂಟಿ ಡಾಕ್ಟರ್, ವಾರ್ಡ್ ಬಾಯ್, ಆಯಾ ಎಲ್ಲರೂ ನಿಲ್ಲಲಿ. ಪಕ್ಕದ ಬೆಡ್ಡಿನಲ್ಲಿ ಅಲಾರಾಂ ಹೊಡೆದರೆ ಬಿಟ್ಟು ಓಡಿ, ಅದಕ್ಕೆ ದೋಷ ಇಲ್ಲ.

ಹಂತ 6: "ದೇವರ ಶಿಕ್ಷೆ" ಅನ್ನುವ ಯೋಚನೆ ಬಂದರೆ

ನಂಬಿಕೆ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಅನ್ನುವುದು ಸುಳ್ಳು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನ್ನೆತ್ ಪಾರ್ಗಮೆಂಟ್ ವರ್ಷಗಟ್ಟಲೆ ಇದನ್ನು ಅಭ್ಯಾಸ ಮಾಡಿದವರು. ಕಷ್ಟದಲ್ಲಿ ಜನ ದೇವರ ಕಡೆ ತಿರುಗುವುದು ಎರಡು ಥರ ಅಂತ ಅವರು ತೋರಿಸಿದರು. "ದೇವರು ಜೊತೆಗಿದ್ದಾನೆ" ಅನ್ನುವುದು ಒಂದು. "ದೇವರು ಕೈಬಿಟ್ಟ, ನನ್ನ ಪಾಪಕ್ಕೆ ಶಿಕ್ಷೆ ಕೊಡುತ್ತಿದ್ದಾನೆ" ಅನ್ನುವುದು ಇನ್ನೊಂದು. ಎರಡನೆಯದು ಇರುವ ಕಡೆ ಆತಂಕ, ಖಿನ್ನತೆಯೂ ಜಾಸ್ತಿ ಕಾಣಿಸುತ್ತದೆ. ಯಾವುದರಿಂದ ಯಾವುದು ಹುಟ್ಟಿತು ಅನ್ನುವುದು ಇಂಥ ಅಧ್ಯಯನಗಳಲ್ಲಿ ಸುಲಭಕ್ಕೆ ತಿಳಿಯುವುದಿಲ್ಲ. ಆದರೆ ಎರಡನೇ ಥರದ ಯೋಚನೆ ಬಂದಾಗ ಜಪ ಹೆಚ್ಚು ಮಾಡಿದರೆ ಸರಿಹೋಗುತ್ತದೆ ಅಂತ ನಂಬಿ ಕೂರಬೇಡಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಅದನ್ನು ಅಮ್ಮನ ಮುನಿಸು ಅಂತ ಕಂಡರು. ಪ್ಲೇಗ್ ಅಮ್ಮನ ಗುಡಿಗಳು ಈಗಲೂ ಇವೆ. ಆ ಜನರನ್ನು ನಗುವುದು ಬೇಡ. ಆದರೆ ಊರು ಉಸಿರಾಡುವಂತೆ ಆಗಿದ್ದು ಗುಡಿಯ ಜೊತೆಗೆ ಅಗಲ ರಸ್ತೆಯ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳೂ ಬಂದಾಗ. ಗುಡಿಗೂ ಹೊಸ ಬಡಾವಣೆಗೂ ಜಗಳ ಇರಲಿಲ್ಲ.

ಶಿಕ್ಷೆಯ ಯೋಚನೆ ಬಿಡದಿದ್ದರೆ ನೀವು ಗೌರವಿಸುವ ಒಬ್ಬ ಹಿರಿಯರ ಹತ್ತಿರ ಬಾಯಿಬಿಟ್ಟು ಹೇಳಿ: ಗುರುಗಳು, ಪಾದ್ರಿ, ನಿವೃತ್ತ ಸಿಸ್ಟರ್, ಸೋದರತ್ತೆ. ಅವರೂ "ಹೌದಮ್ಮಾ, ಕರ್ಮ" ಅಂದರೆ ಬೇರೆಯವರನ್ನು ನೋಡಿ. ದೇವರ ಮೇಲೆ ಸಿಟ್ಟು ಬಂದರೆ ಬರಲಿ. ಬೈದು ಜಗಳವಾಡಿದ ಭಕ್ತರಿಗೆ ನಮ್ಮಲ್ಲಿ ಬರವಿಲ್ಲ.

ಹಂತ 7: ಮನೆಗೆ ಬಂದ ಮೇಲೆ

ಸ್ನಾನ, ಊಟ, ನಿದ್ದೆ. ಇದೇ ಕ್ರಮ. ನೈಟ್ ಡ್ಯೂಟಿ ಮುಗಿಸಿ ಬಂದು ಒಂದು ಗಂಟೆ ಪೂಜೆಗೆ ಕೂರುವ ಹಟ ಬೇಡ. ಮಲಗುವ ಮುಂಚೆ ವಾರ್ಡಿನ ಒಂದು ಹೆಸರನ್ನು ನೆನೆದು ಒಪ್ಪಿಸಿ, ಮುಗಿಸಿ. ಸುದ್ದಿ ಚಾನೆಲ್, ವಾಟ್ಸಾಪ್ ಗುಂಪು ಎರಡನ್ನೂ ಆಚೆ ಇಡಿ. ಗೋಮೂತ್ರದಿಂದ ವೈರಸ್ ಹೋಗುತ್ತದೆ ಅಂತ ಫಾರ್ವರ್ಡ್ ಮಾಡುವ ಮಾವನ ಜೊತೆ ವಾದ ಮಾಡಲು ಶಕ್ತಿ ಉಳಿದಿದೆಯಾ ನೋಡಿಕೊಳ್ಳಿ.

ಹಂತ 8: ಇನ್‌ಚಾರ್ಜ್‌ಗಳಿಗೆ, ಆಡಳಿತದವರಿಗೆ

2020ರ ಮಾರ್ಚ್ 22ರಂದು ದೇಶವೇ ಚಪ್ಪಾಳೆ ತಟ್ಟಿತು. ಮೇ 3ರಂದು ಆಸ್ಪತ್ರೆಗಳ ಮೇಲೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಹೂ ಸುರಿದವು. ಖುಷಿಯೇ. ಆದರೆ "ಕಾಯಕವೇ ಕೈಲಾಸ" ಅನ್ನುವ ಬೋರ್ಡಿನ ಕೆಳಗೇ ಗುತ್ತಿಗೆ ಸಿಸ್ಟರ್‌ಗಳ ಸಂಬಳ ಬಾಕಿ ಇದ್ದರೆ ಆ ಬೋರ್ಡಿಗೆ ಬೆಲೆ ಇಲ್ಲ. ಬಿಡುವಿಲ್ಲದೆ ಡ್ಯೂಟಿ ಹಾಕಿ, ಆಮೇಲೆ ಭಾನುವಾರ ಯೋಗ ಶಿಬಿರಕ್ಕೆ ಬನ್ನಿ ಅನ್ನುವುದು ಗಾಯಕ್ಕೆ ಉಪ್ಪು. ಕಿಟ್, ರಜೆ, ಕ್ವಾರಂಟೈನ್‌ಗೆ ಒಂದು ಕೋಣೆ, ಬಿಸಿ ಊಟ ಮೊದಲು. ಅದಾದಮೇಲೆ ಸಾಧ್ಯವಿದ್ದರೆ ಒಂದು ಮೌನದ ಕೋಣೆ ಕೊಡಿ. ಯಾವ ದೇವರ ಪಟವೂ ಇಲ್ಲದೆ ನಾಲ್ಕು ಕುರ್ಚಿ, ಒಂದು ಚಾಪೆ ಇದ್ದರೆ ಸಾಕು. ನಮಾಜಿಗೂ ಆಗುತ್ತದೆ, ಸುಮ್ಮನೆ ಅಳುವುದಕ್ಕೂ ಆಗುತ್ತದೆ.

2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ಜೀವ ಬಿಟ್ಟರು. ಅಂಥ ರಾತ್ರಿ ಕಂಡವರ ಮನಸ್ಸಿನ ಭಾರವನ್ನು ಬರೀ ಆತಂಕ ಅನ್ನಲಾಗದು. ಉಳಿಸಬಹುದಿತ್ತು, ಕೈಯಲ್ಲಿ ಸಾಮಾನಿರಲಿಲ್ಲ ಅನ್ನುವ ಸಂಕಟ ಅದು. ಕೊರತೆ ಕಂಡಾಗ ದಿನ, ಗಂಟೆ ಹಾಕಿ ಬರೆದು ಮೇಲಿನವರಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಗ "ನಾನು ಮಾಡಬೇಕಾದ್ದನ್ನು ಮಾಡಿದೆ" ಅಂತ ದೇವರ ಮುಂದೆ ಹೇಳಲೂ ಧೈರ್ಯ ಬರುತ್ತದೆ.

ಹಂತ 9: ಪ್ರಾರ್ಥನೆಯಿಂದ ಆಗದ ಜಾಗ

ಆತಂಕ ಎಷ್ಟಿದೆ ಅಂತ ಅಳೆಯಲು ಜಿಎಡಿ-7 ಅಂತ ಒಂದು ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರನ್ನು ನೋಡಬೇಕು. ಅಂಕ ಹಾಕದೆಯೂ ಕೆಲವು ಗುರುತುಗಳು ತಿಳಿಯುತ್ತವೆ: ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ವಾರ್ಡಿನ ಬಾಗಿಲಿಗೆ ಬಂದ ಕೂಡಲೇ ಉಸಿರು ಕಟ್ಟುವುದು, ಸತ್ತವರ ಮುಖ ಕಣ್ಣೆದುರು ಬರುತ್ತಲೇ ಇರುವುದು, ನಿದ್ದೆಗೆ ಅಂತ ವಾರ್ಡಿನ ಮಾತ್ರೆ ತೆಗೆದುಕೊಳ್ಳುವುದು, ಬದುಕಿ ಏನು ಪ್ರಯೋಜನ ಅನ್ನಿಸುವುದು. ಕೊನೆಯದು ಬಂದರೆ ನಾಳೆಗೆ ಮುಂದೂಡಬೇಡಿ. ಅವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಫೋನ್ ಮಾಡಿದಾಗ ಏನು ಹೇಳಬೇಕು ಅಂತ ತೋಚದೆ ಇಟ್ಟುಬಿಡುವವರು ಬಹಳ. ಹಾಗಾಗಿ ಮೊದಲೇ ಬರೆದಿಟ್ಟುಕೊಳ್ಳಿ: "ನಾನು ನರ್ಸ್. ಇಷ್ಟು ದಿನದಿಂದ ನಿದ್ದೆ ಇಲ್ಲ. ಡ್ಯೂಟಿಗೆ ಹೋಗಲು ಭಯ ಆಗುತ್ತಿದೆ." ಇಷ್ಟು ಹೇಳಿದರೆ ಮುಂದಿನದನ್ನು ಅವರೇ ಕೇಳುತ್ತಾರೆ. ಡಾಕ್ಟರ್ ಮಾತ್ರೆ ಬರೆದುಕೊಟ್ಟರೆ ತೆಗೆದುಕೊಳ್ಳಿ. ಜಪಮಣಿಯೂ ಮಾತ್ರೆಯ ಡಬ್ಬಿಯೂ ಒಂದೇ ಬ್ಯಾಗಿನಲ್ಲಿ ಇದ್ದರೆ ತೊಂದರೆಯಿಲ್ಲ.